ಮಹಾವೀರಾಚಾರ್ಯರ ಕ್ಷೇತ್ರಗಣಿತ: ಲಂಬ ಮತ್ತು ಸಮಾಂತರ

ಜಿನಾಗಮದ ಕರಣಾನುಯೋಗಕ್ಕೆ ಗಣಿತವೇ ಆಧಾರ. ಲೋಕದ ರಚನೆಯನ್ನೂ ದ್ವೀಪಸಮುದ್ರಗಳ ಪರಿಮಾಣವನ್ನೂ ನಿರೂಪಿಸಹೊರಟ ಜೈನಾಚಾರ್ಯರು ಈ ಶಾಸ್ತ್ರವನ್ನು ಆದರದಿಂದ ಬೆಳೆಸಿದರು. ಅವರಲ್ಲಿ ಅಗ್ರಗಣ್ಯರಾದ ಮಹಾವೀರಾಚಾರ್ಯರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದರು. ಮಹಾವೀರ ತೀರ್ಥಂಕರರಿಗೆ ವಂದಿಸಿ ಗ್ರಂಥವನ್ನು ಆರಂಭಿಸುವ ಅವರು ಪಾಕಶಾಸ್ತ್ರ, ವೈದ್ಯ, ವಾಸ್ತುವಿದ್ಯೆಗಳಿಗೆಲ್ಲ ಗಣಿತ ಅವಶ್ಯಕವೆಂದು ಸಾರಿದ್ದಾರೆ.

ಎರಡು ಸರಳರೇಖೆಗಳು ಎಷ್ಟು ದೂರ ಸಾಗಿದರೂ ತಮ್ಮ ನಡುವಣ ಅಂತರವನ್ನು ಒಂದೇ ಸಮನಾಗಿ ಉಳಿಸಿಕೊಂಡರೆ ಅವು ಸಮಾಂತರ. ಒಂದು ರೇಖೆಯ ಮೇಲೆ ಇನ್ನೊಂದು ಯಾವ ಬದಿಗೂ ವಾಲದೆ, 90 ಅಂಶಗಳ ಕೋನದಲ್ಲಿ ನಿಂತರೆ ಅದು ಲಂಬ. ಸಮಾಂತರ ರೇಖೆಗಳ ಅಂತರವನ್ನು ಅಳೆಯುವುದೂ ಲಂಬದಿಂದಲೇ. ಆಚಾರ್ಯರು ಲಂಬವನ್ನು 'ಅವಲಂಬಕ'ವೆಂದೂ, ಚತುರ್ಭುಜದ ಮೇಲಿನ ಭುಜವನ್ನು 'ಮುಖ'ವೆಂದೂ, ಕೆಳಗಿನದನ್ನು 'ಭೂಮಿ'ಯೆಂದೂ ಕರೆಯುತ್ತಾರೆ.

ಕ್ಷೇತ್ರಫಲಕ್ಕೆ ಅವರು ವ್ಯಾವಹಾರಿಕ, ಸೂಕ್ಷ್ಮ ಎಂಬ ಎರಡು ಬಗೆಯ ಲೆಕ್ಕಗಳನ್ನು ಹೇಳಿದ್ದಾರೆ. ಮುಖ 4, ಭೂಮಿ 10, ಪಕ್ಕದ ಭುಜಗಳು ತಲಾ 5 ಮಾರು ಇರುವ ಹೊಲವೊಂದನ್ನು ಭಾವಿಸಬಹುದು. ಎದುರುಬದುರು ಭುಜಗಳ ಮೊತ್ತದ ಅರ್ಧಗಳನ್ನು ಗುಣಿಸುವ ವ್ಯಾವಹಾರಿಕ ಕ್ರಮದಲ್ಲಿ 7ನ್ನು 5ರಿಂದ ಗುಣಿಸಿ 35 ಚದರ ಮಾರು ಬರುತ್ತದೆ. ಆದರೆ ಈ ಹೊಲದ ಅವಲಂಬಕ 4 ಮಾರು ಮಾತ್ರ. ಮುಖ ಭೂಮಿಗಳ ಮೊತ್ತದ ಅರ್ಧವನ್ನು ಅದರಿಂದ ಗುಣಿಸಿದರೆ ಸೂಕ್ಷ್ಮಫಲ 28. ವಾಲಿದ ಭುಜವನ್ನೇ ಎತ್ತರವೆಂದು ಬಗೆದರೆ ಇಲ್ಲದ 7 ಚದರ ಮಾರು ನೆಲ ಲೆಕ್ಕಕ್ಕೆ ಸೇರಿಬಿಡುತ್ತದೆ! ಅಳತೆಯ ನ್ಯಾಯ ನಿಂತಿರುವುದು ಲಂಬದ ಮೇಲೆ.

ಈ ಸೂತ್ರ ವಿಷಮ ಚತುರ್ಭುಜಕ್ಕೆ ಸಲ್ಲದೆಂದು ಆಚಾರ್ಯರು ಎಚ್ಚರಿಸಿರುವುದು ಗಮನಾರ್ಹ. ಅಲ್ಲಿ ಮುಖ ಭೂಮಿಗಳು ಸಮಾಂತರವಾಗಿರಬೇಕೆಂಬ ನಿಯಮವಿಲ್ಲ; ಅಂತರ ಒಂದೆಡೆ ಹೆಚ್ಚಿ ಇನ್ನೊಂದೆಡೆ ಕುಗ್ಗಬಹುದು. ಸೂತ್ರವನ್ನು ನೀಡಿದವರೇ ಅದರ ಎಲ್ಲೆಯನ್ನೂ ಗುರುತಿಸಿದ್ದಾರೆ.

ಗ್ರಂಥದ ಕೊನೆಯ ಅಧಿಕಾರ ಛಾಯಾವ್ಯವಹಾರ. ಸಮನೆಲದಲ್ಲಿ ವೃತ್ತವನ್ನೆಳೆದು ನಡುವೆ ಶಂಕುವನ್ನು ನೆಟ್ಟು, ಅದರ ನೆರಳಿನ ತುದಿ ಪೂರ್ವಾಹ್ಣದಲ್ಲಿಯೂ ಅಪರಾಹ್ಣದಲ್ಲಿಯೂ ವೃತ್ತವನ್ನು ಮುಟ್ಟುವ ಎಡೆಗಳನ್ನು ಕೂಡಿಸಿದರೆ ಪೂರ್ವಪಶ್ಚಿಮ ರೇಖೆ ದೊರೆಯುತ್ತದೆ. ಆ ಎರಡು ಬಿಂದುಗಳಿಂದ ಹಗ್ಗದಲ್ಲಿ ಕಂಸಗಳನ್ನೆಳೆದಾಗ ಮೂಡುವ ಮತ್ಸ್ಯಾಕೃತಿಯ ನಡುಗೆರೆಯೇ ಉತ್ತರದಕ್ಷಿಣದ ಲಂಬ. ದೇಗುಲಕ್ಕೆ ದಿಕ್ಕು ಹಿಡಿಯುವ ಶಿಲ್ಪಿಗಳಿಗೂ ಈ ಕ್ರಮವೇ ಆಧಾರವಾಗಿತ್ತು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಕೃತಿಯನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯ ಕನ್ನಡದಲ್ಲಿಯೇ ಗಣಿತಗ್ರಂಥಗಳನ್ನು ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರ ಆಂಗ್ಲಾನುವಾದದೊಡನೆ ಮದರಾಸಿನಲ್ಲಿ ಅಚ್ಚಾದ ಗಣಿತಸಾರಸಂಗ್ರಹ, 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದದೊಡನೆಯೂ ಪ್ರಕಟವಾಯಿತು. ಆಚಾರ್ಯರ ನಾಮಸ್ಮರಣೆಯಷ್ಟೇ ಸಾಲದು. ಅವರ ಲೆಕ್ಕಗಳನ್ನು ಮಕ್ಕಳ ಕೈಯಲ್ಲಿ ಮಾಡಿಸಿದಾಗಲೇ ಆ ಶ್ರುತಸಂಪತ್ತು ಸಮಾಜದಲ್ಲಿ ಪುನಃ ಪ್ರತಿಷ್ಠೆಗೊಳ್ಳುತ್ತದೆ.