ಉತ್ತರಿಸಿದವರು, ಉತ್ತರಿಸದವರು: ಗಿಟ್ ಬಳಕೆದಾರರ ಸಮೀಕ್ಷೆಯ ಚರಿತ್ರೆ

ಸರ್ಕಾರಿ ಕಡತದಲ್ಲಿ ಎರಡು ಬದಿಗಳಿರುತ್ತವೆ. ಒಂದು ಬದಿ ಪತ್ರವ್ಯವಹಾರಕ್ಕೆ, ಇನ್ನೊಂದು ಟಿಪ್ಪಣಿಗೆ. ಟಿಪ್ಪಣಿಯ ಪ್ರತಿ ಹಾಳೆಗೂ ಪುಟಸಂಖ್ಯೆಯಿದೆ. ಬರೆದವನ ಸಹಿಯಿದೆ, ದಿನಾಂಕವಿದೆ. ಮೇಲಧಿಕಾರಿಗೆ ಒಪ್ಪಿಗೆಯಾಗದಿದ್ದರೆ ಅವರು ಕೆಳಗೆ ತಮ್ಮ ಅಭಿಪ್ರಾಯವನ್ನು ಬರೆಯಬಹುದೇ ಹೊರತು ಮೇಲಿನ ಹಾಳೆಯನ್ನು ಹರಿದು ಹಾಕುವಂತಿಲ್ಲ. ಇಂಥ ಹಾಳೆಗಳ ನಡುವೆ ವಯಸ್ಸು ಕಳೆದ ನನಗೆ, ‘ಗಿಟ್’ ಎಂಬ ತಂತ್ರಾಂಶದ ಬಗ್ಗೆ ಮೊದಲ ಬಾರಿ ಓದಿದಾಗ ಅದು ತೀರ ಅಪರಿಚಿತವೆನಿಸಲಿಲ್ಲ.

ನಮ್ಮ ಬಳಗದಲ್ಲಿ ತಂತ್ರಾಂಶ ವೃತ್ತಿಯವರು ಹಲವರಿದ್ದಾರೆ. ಅವರಿಗೆ ಇದು ದಿನನಿತ್ಯದ ಉಪಕರಣ. ಉಳಿದವರಿಗಾಗಿ ಎರಡು ಮಾತು. ಅನೇಕರು ಕೂಡಿ ಒಂದೇ ಬರಹವನ್ನು ತಿದ್ದುತ್ತ ಹೋದಾಗ, ಯಾರು, ಯಾವಾಗ, ಏನನ್ನು, ಏಕೆ ಬದಲಿಸಿದರು ಎಂಬ ದಾಖಲೆಯನ್ನು ಇಡುವುದು ಇದರ ಕೆಲಸ. ಪ್ರತಿ ಬದಲಾವಣೆಯೂ ತನ್ನ ಹಿಂದಿನದರ ಗುರುತನ್ನು ಒಳಗೊಂಡಿರುತ್ತದೆ. ಹಳೆಯದನ್ನು ತಿದ್ದಲು ಸಾಧ್ಯವಿಲ್ಲವೆಂದಲ್ಲ. ಆದರೆ ತಿದ್ದಿದೊಡನೆ ಅದರ ಮತ್ತು ಅದರ ಮುಂದಿನ ಎಲ್ಲ ಬದಲಾವಣೆಗಳ ಗುರುತೂ ಬೇರೆಯಾಗುತ್ತದೆ. ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸಿದ ನಮ್ಮ ಗ್ರಂಥಸಂಪಾದಕರು ಶತಮಾನಗಳ ನಂತರ ಊಹಿಸಿ ಕಂಡುಕೊಳ್ಳಬೇಕಾದ ಪ್ರತಿಗಳ ವಂಶವೃಕ್ಷವನ್ನು, ಇಲ್ಲಿ ಲಿಪಿಕಾರನೇ ಬರೆದಿಟ್ಟು ಹೋಗುತ್ತಾನೆ.

ಇಂಥ ಸಾಧನಗಳಿಗೆ ಅರ್ಧ ಶತಮಾನದ ಇತಿಹಾಸವಿದೆ. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಎಸ್‌ಸಿಸಿಎಸ್ ರೂಪುಗೊಂಡಿತು. ಎಂಬತ್ತರ ದಶಕದಲ್ಲಿ ಆರ್‌ಸಿಎಸ್ ಮತ್ತು ಸಿವಿಎಸ್, 2000ದಲ್ಲಿ ಸಬ್‌ವರ್ಷನ್ ಬಂದವು. ಲಿನಕ್ಸ್ ಕರ್ನಲ್‌ನ ಕೆಲಸಕ್ಕೆ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶ ಬಳಕೆಯಲ್ಲಿತ್ತು. ಅದನ್ನು ಉಚಿತವಾಗಿ ಬಳಸುವ ಅನುಮತಿ 2005ರಲ್ಲಿ ಹಿಂತೆಗೆಯಲ್ಪಟ್ಟಾಗ, ಆ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕುಳಿತರು. ಕೆಲವೇ ದಿನಗಳಲ್ಲಿ ಗಿಟ್ ತನ್ನ ದಾಖಲೆಯನ್ನು ತಾನೇ ಇಟ್ಟುಕೊಳ್ಳತೊಡಗಿತು; ಜೂನ್ ತಿಂಗಳ ಕರ್ನಲ್ ಆವೃತ್ತಿ ಅದರ ಮೂಲಕವೇ ಹೊರಬಂತು. ಜುಲೈನಲ್ಲಿ ಟೊರ್ವಾಲ್ಡ್ಸ್ ಅದರ ಪಾಲನೆಯನ್ನು ಜೂನಿಯೊ ಹಮಾನೊ ಅವರಿಗೆ ಒಪ್ಪಿಸಿದರು.

ಇಂಗ್ಲೆಂಡಿನ ಆಡುಮಾತಿನಲ್ಲಿ ‘ಗಿಟ್’ ಎಂದರೆ ಒರಟ, ಅಪ್ರಿಯ ವ್ಯಕ್ತಿ. ತಾನು ಮಾಡಿದ್ದಕ್ಕೆಲ್ಲ ತನ್ನದೇ ಹೆಸರಿಡುವುದು ತನ್ನ ಅಭ್ಯಾಸವೆಂದು ಟೊರ್ವಾಲ್ಡ್ಸ್ ತಮಾಷೆ ಮಾಡಿದ್ದುಂಟು. ಬಳಸಲು ತೊಡಗಿದ ಹೊಸಬರಿಗೆ ಮಾತ್ರ ಆ ಹೆಸರು ತಮಾಷೆಯಾಗಿ ತೋರಲಿಲ್ಲ. ಕರ್ನಲ್ ಬರೆಯುವ ನಿಪುಣರ ಕೈಗೆ ಹೊಂದುವಂತೆ ಮಾಡಿದ ಉಪಕರಣ ಅದು. ಆಜ್ಞೆಗಳು ಹಲವು, ಹೆಸರುಗಳು ಗೊಂದಲಮಯ, ಕೈಪಿಡಿ ಕಠಿಣ.

ಇಂಥ ಒರಟು ಉಪಕರಣದ ಬಳಗ, ಅದು ಹುಟ್ಟಿದ ಮರುವರ್ಷವೇ, ಬಳಸುವವರನ್ನು ಕುರಿತು ‘ನಿಮಗೆ ಇದು ಹೇಗಿದೆ?’ ಎಂದು ಕೇಳಿತು. ಯಾವುದೇ ಸಂಸ್ಥೆಯ ಆದೇಶವಿರಲಿಲ್ಲ, ಮಾರುಕಟ್ಟೆಯ ಒತ್ತಡವಿರಲಿಲ್ಲ. ಸ್ವಯಂಸೇವಕರೇ ಪ್ರಶ್ನೆಗಳನ್ನು ಹೊಂದಿಸಿದರು. 2006ರ ಆ ಮೊದಲ ಸಮೀಕ್ಷೆಗೆ ಉತ್ತರಿಸಿದವರು 100ಕ್ಕಿಂತ ತುಸು ಹೆಚ್ಚು. 2007ರಿಂದ ಹೊಣೆ ಹೊತ್ತವರು ಪೋಲೆಂಡಿನ ಯಾಕುಬ್ ನರೆಂಬ್‌ಸ್ಕಿ. ಮುಂದೆ ಗಿಟ್ ಕುರಿತು ಪುಸ್ತಕವನ್ನೂ ಬರೆದವರು. ಅವರ ಕಾಲದಲ್ಲಿ ಉತ್ತರಗಳ ಸಂಖ್ಯೆ 2007ರಲ್ಲಿ ಸುಮಾರು 700, 2008ರಲ್ಲಿ 3000ಕ್ಕೂ ಹೆಚ್ಚು, 2011ರಲ್ಲಿ 11000ಕ್ಕೂ ಹೆಚ್ಚು ಎಂಬಂತೆ ಬೆಳೆಯಿತು. 2008ರಲ್ಲಿ ಗಿಟ್‌ಹಬ್ ಆರಂಭವಾಗಿ, ಗಿಟ್ ಸಾಮಾನ್ಯ ಪ್ರೋಗ್ರಾಮರ್‌ಗಳ ಕೈಗೆ ಬಂದ ಕಾಲವೂ ಇದೇ. 2012ರ ತನಕ ಸಮೀಕ್ಷೆ ವರ್ಷವರ್ಷವೂ ನಡೆಯಿತು. ನಂತರ ನಿಂತು, 2016ರಲ್ಲಿ ಮತ್ತೊಮ್ಮೆ ನಡೆಯಿತು. ಹೆಚ್ಚುಕಡಿಮೆ ಒಬ್ಬರ ಶ್ರದ್ಧೆಯ ಮೇಲೆ ನಿಂತಿದ್ದ ಕೆಲಸಕ್ಕೆ ಇಷ್ಟು ಆಯುಷ್ಯ ದೊರೆತದ್ದೇ ಹೆಚ್ಚು.

ಪ್ರಶ್ನೆಗಳನ್ನು ಗಮನಿಸಬೇಕು. ನೀವು ಯಾವ ದೇಶದವರು? ಪ್ರೋಗ್ರಾಮಿಂಗ್‌ನದಲ್ಲದ, ಮಾತನಾಡುವ ಭಾಷೆಗಳಲ್ಲಿ ನಿಮ್ಮ ಮೆಚ್ಚಿನದು ಯಾವುದು? ಗಿಟ್ ಕಲಿಯಲು ಸುಲಭವೆನಿಸಿತೇ? ಕಲಿಕೆಯಲ್ಲಿ ಅತಿ ಕಷ್ಟವಾದದ್ದು ಯಾವುದು? ಏನು ಸುಧಾರಿಸಬೇಕು: ಆಜ್ಞೆಗಳ ಸ್ವರೂಪವೇ, ಕೈಪಿಡಿಯೇ, ವೇಗವೇ, ಅನುವಾದವೇ? ನಂತರದ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ ಸೇರಿತು: ನಿಮ್ಮ ಪರಿಣತಿ ಎಷ್ಟು ಎಂಬುದನ್ನು ನೀವೇ ಅಳೆದು ಹೇಳಿರಿ. ಮಾಡಿದವನು ಬಳಸುವವನ ಮುಂದೆ ತುಸು ತಲೆ ತಗ್ಗಿಸಿ ಕೇಳಿದ ಪ್ರಶ್ನೆಗಳಿವು. ಭಾಷೆಯ ಪ್ರಶ್ನೆಯಂತೂ, ಪರಊರಿನಲ್ಲಿ ಕುಳಿತು ಕನ್ನಡ ಬರೆಯುವ ನಮಗೆ ಸಣ್ಣದಾಗಿ ಕಾಣುವುದಿಲ್ಲ.

ಆದರೂ ಈ ಸಮೀಕ್ಷೆಗಳಲ್ಲಿ ತುಂಬಲಾಗದ ಒಂದು ಕೊರತೆಯಿತ್ತು. ಸಮೀಕ್ಷೆಯ ಸುದ್ದಿ ತಲುಪುತ್ತಿದ್ದದ್ದು ಬಹುಮಟ್ಟಿಗೆ ಗಿಟ್‌ನ ಸುತ್ತಮುತ್ತ ಆಗಲೇ ಇದ್ದವರಿಗೆ. ಬಿಡುವು ಮಾಡಿಕೊಂಡು ಹತ್ತಾರು ಪ್ರಶ್ನೆಗಳಿಗೆ ಉತ್ತರಿಸುವವನು ಅದರ ಮೇಲೆ ಪ್ರೀತಿಯನ್ನೋ ಸಿಟ್ಟನ್ನೋ ಉಳಿಸಿಕೊಂಡವನು. ಒಂದು ಸಂಜೆ ಪ್ರಯತ್ನಿಸಿ, ಅರ್ಥವಾಗದೆ, ‘ಇದು ನನ್ನಂಥವನಿಗಲ್ಲ’ ಎಂದು ಎದ್ದುಹೋದವನು ಎಲ್ಲಿಯೂ ಉತ್ತರಿಸುವುದಿಲ್ಲ. ಕಲಿಯಲು ಸುಲಭವೇ ಎಂಬ ಪ್ರಶ್ನೆಯನ್ನು ನಿಜವಾಗಿ ಕೇಳಬೇಕಾದದ್ದು ಅವನನ್ನು. 2015ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ನಡೆಸಿದ ಬೇರೊಂದು ಸಮೀಕ್ಷೆಯಲ್ಲಿ ಗಿಟ್ ಬಳಸುವವರು ಶೇ. 69ರಷ್ಟಿದ್ದರು, 2022ರಲ್ಲಿ ಶೇ. 93ಕ್ಕೂ ಹೆಚ್ಚು. ಎಲ್ಲರೂ ಬಳಸುತ್ತಾರೆ ಎಂಬುದಕ್ಕೆ ಇದು ಸಾಕ್ಷಿಯಾಗಬಹುದು. ಎಲ್ಲರಿಗೂ ಅರ್ಥವಾಗಿದೆ ಎಂಬುದಕ್ಕೆ ಆಗದು.

ಈ ಕೊರತೆಯನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಯ ಕಾಗದದ ಕಡತಗಳು ಕಂಪ್ಯೂಟರಿಗೆ ಬದಲಾದವು. ಮೂರು ತಿಂಗಳಾದ ಮೇಲೆ ನೌಕರರ ಅಭಿಪ್ರಾಯ ಸಂಗ್ರಹಿಸುವ ಕೆಲಸ ನನ್ನ ಪಾಲಿಗೆ ಬಂತು. ಪ್ರಶ್ನಾವಳಿ ಹೊಸ ವ್ಯವಸ್ಥೆಯ ಒಳಗೇ ಇತ್ತು. ಲಾಗಿನ್ ಆದವರಿಗಷ್ಟೇ ಅದು ಕಾಣುತ್ತಿತ್ತು. ನಮ್ಮ ವಿಭಾಗದ ಹಿರಿಯ ಸಹಾಯಕರೊಬ್ಬರು, ದೆಹಲಿಯ ವಾಡಿಕೆಯಂತೆ ನಾವೆಲ್ಲ ‘ಬಡೇ ಬಾಬು’ ಎನ್ನುತ್ತಿದ್ದವರು, ನಿವೃತ್ತಿಗೆ ಎರಡು ವರ್ಷವಿದ್ದವರು, ನನ್ನ ಮೇಜಿನ ಬಳಿ ಬಂದು ಆ ಫಾರ್ಮು ಕಾಗದದ ಮೇಲೆ ಸಿಗುತ್ತದೆಯೇ ಎಂದು ಕೇಳಿದರು. ಲಾಗಿನ್ ಆಗಿ ತುಂಬಿಸಬೇಕು ಎಂದೆ. ಸರಿ ಎಂದು ಹೋದರು. ಅವರ ಕಡತಗಳನ್ನು ಪಕ್ಕದ ಮೇಜಿನ ಹುಡುಗನೊಬ್ಬ ಏರಿಸಿಕೊಡುತ್ತಿದ್ದನೆಂಬುದು ನನಗೆ ಗೊತ್ತಿತ್ತು. ಬಂದ ಉತ್ತರಗಳನ್ನು ಎಣಿಸಿ, ‘ಬಹುಪಾಲು ಬಳಕೆದಾರರು ಸಂತುಷ್ಟರಾಗಿದ್ದಾರೆ’ ಎಂದು ಟಿಪ್ಪಣಿ ಬರೆದು ಸಹಿ ಮಾಡಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬಳಸಲಾಗದವರು ಬಳಕೆದಾರರ ಲೆಕ್ಕದಲ್ಲೇ ಬಂದಿರಲಿಲ್ಲ, ಅಷ್ಟೆ.

ಗಿಟ್‌ನ ಬಳಗವನ್ನು ಇದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅವರು ಕಷ್ಟವಾದದ್ದು ಯಾವುದೆಂದು ಬಾಯಿ ಬಿಟ್ಟು ಕೇಳಿದರು. ಬಂದ ಉತ್ತರಗಳ ವಿಶ್ಲೇಷಣೆಯನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಬದಲಾವಣೆಗಳೂ ಬಂದವು, ನಿಧಾನವಾಗಿ. 2012ರ ಆರಂಭದ ಆವೃತ್ತಿಯಿಂದ ಗಿಟ್‌ನ ಸಂದೇಶಗಳನ್ನು ಬೇರೆ ಭಾಷೆಗಳಿಗೆ ಅನುವಾದಿಸುವ ಏರ್ಪಾಡು ದೊರೆಯಿತು. ‘ಚೆಕ್‌ಔಟ್’ ಎಂಬ ಒಂದೇ ಆಜ್ಞೆ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗುವುದಕ್ಕೂ, ಕಡತದಲ್ಲಿ ಮಾಡಿದ ಬದಲಾವಣೆಯನ್ನು ತೊಡೆದುಹಾಕುವುದಕ್ಕೂ ಬಳಕೆಯಾಗುತ್ತಿತ್ತು. ತಪ್ಪಿದರೆ ಉಳಿಸದ ಕೆಲಸವೆಲ್ಲ ಹೋದಂತೆ. 2019ರ ಆಗಸ್ಟ್‌ನಲ್ಲಿ ಬಂದ 2.23ನೆಯ ಆವೃತ್ತಿ ಇದಕ್ಕೆ ‘ಸ್ವಿಚ್’ ಮತ್ತು ‘ರಿಸ್ಟೋರ್’ ಎಂಬ ಎರಡು ಬೇರೆ ಆಜ್ಞೆಗಳನ್ನು ಕೊಟ್ಟಿತು. ಹಳೆಯದಕ್ಕೆ ಒಗ್ಗಿದವರಿಗಾಗಿ ಹಳೆಯದನ್ನೂ ಉಳಿಸಿತು. ಉಪಕರಣ ಹುಟ್ಟಿ ಆಗ ಹದಿನಾಲ್ಕು ವರ್ಷ. ಸಮೀಕ್ಷೆಯಿಂದಲೇ ಇದಾಯಿತೆಂದು ನಾನು ಹೇಳಲಾರೆ. ಆದರೆ ಹೊಸಬನ ಕಷ್ಟವು ಅವನ ದಡ್ಡತನವಲ್ಲ, ಉಪಕರಣದ ದೋಷವೂ ಆಗಿರಬಹುದು ಎಂಬ ತಿಳಿವಳಿಕೆ, ಪದೇ ಪದೇ ಕೇಳದೆ ಬರುವಂಥದ್ದಲ್ಲ.

ಸಮೀಕ್ಷೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಉತ್ತರಗಳ ಚರಿತ್ರೆಯಾಗಿ ಬರೆಯುತ್ತಾರೆ. ಪ್ರಶ್ನೆ ಯಾರ ತನಕ ಹೋಯಿತು, ಎಲ್ಲಿ ನಿಂತಿತು ಎಂಬುದನ್ನೂ ಅದರೊಡನೆ ಬರೆಯಬೇಕೆಂದು ನನಗೆ ಈಗ ತೋರುತ್ತದೆ.

ಕಳೆದ ವರ್ಷ ನಮ್ಮ ವ್ಯವಸ್ಥೆ ಇನ್ನೊಮ್ಮೆ ಬದಲಾಯಿತು. ಅಭಿಪ್ರಾಯ ಸಂಗ್ರಹದ ಕಡತ ಮತ್ತೆ ನನ್ನ ಮೇಜಿಗೇ ಬಂತು. ಪ್ರಶ್ನಾವಳಿಯನ್ನು ಕಾಗದದಲ್ಲೂ ಹಂಚಬೇಕು, ಲಾಗಿನ್ ಆಗದವರ ಸಂಖ್ಯೆಯನ್ನು ಪ್ರತ್ಯೇಕವಾಗಿ ತೋರಿಸಬೇಕು ಎಂದು ಟಿಪ್ಪಣಿ ಮಂಡಿಸಿದೆ. ಅದೇ ದಿನ ಒಪ್ಪಿಗೆ ದೊರೆಯಿತು. ಬಡೇ ಬಾಬು ಅಷ್ಟರಲ್ಲಿ ನಿವೃತ್ತರಾಗಿದ್ದರು.