ನೀರು ಇಳಿದಾಗ ಕೆರೆ ನೋಡಿ

1/8
ಕೆರೆ ನೋಡೋಕೆ ಯಾವಾಗ ಹೋಗ್ಬೇಕು ಅಂತ ಯಾರನ್ನಾದ್ರೂ ಕೇಳಿ. ಮಳೆಗಾಲ ಮುಗಿದ ಮೇಲೆ ಅಂತಾರೆ. ಅಕ್ಟೋಬರ್ ಕೊನೆ, ತುಂಬಿದ ನೀರು, ಸಂಜೆ ಬೆಳಕು, ಒಂದು ರೀಲ್, ಮುಗೀತು. ನಾನು ಹೇಳೋದು ಉಲ್ಟಾ. ಏಪ್ರಿಲ್‌ನಲ್ಲಿ ಹೋಗಿ. ಮುಂಗಾರು ಇನ್ನೂ ದೂರ ಇರುತ್ತೆ, ನೀರು ಹಿಂದೆ ಸರಿದಿರುತ್ತೆ, ಜನ ಇರಲ್ಲ. ಫೋಟೋ ಅಷ್ಟು ಚೆನ್ನಾಗಿ ಬರಲ್ಲ, ಆದ್ರೆ ಇತಿಹಾಸ ಕಾಣುತ್ತೆ.

ನಾನು, ನನ್ನ ಗೆಳೆಯ, ಒಂದು ಬೈಕು, ಒಂದು ಶನಿವಾರ-ಭಾನುವಾರ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ. ನಾಲ್ಕೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. 1986ರಲ್ಲಿ ಬೆಂಗಳೂರಿಂದ ಬೇರೆ ಮಾಡಿದ ಜಿಲ್ಲೆ ಇದು. ನಮ್ಮಲ್ಲಿ ಬಹಳ ಜನಕ್ಕೆ ಈ ಊರುಗಳು ಅಂದ್ರೆ ಏರ್‌ಪೋರ್ಟ್ ದಾರಿ, ಟೋಲ್ ಗೇಟು, ಬೆಳಗಿನ ಜಾವದ ಬಿರಿಯಾನಿ, ಅಷ್ಟೇ.

ಈ ಊರುಗಳ ಸುತ್ತ ವರ್ಷಪೂರ್ತಿ ಹರಿಯೋ ಒಂದು ನದಿಯೂ ಇಲ್ಲ. ಮಳೆ ಬರೋದು ವರ್ಷಕ್ಕೆ ಸುಮಾರು 800 ಮಿ.ಮೀ., ಅದೂ ಕೆಲವೇ ತಿಂಗಳಲ್ಲಿ. ಹಾಗಿದ್ರೂ ಇಲ್ಲಿ ಕೋಟೆ ಎದ್ದಿದೆ, ಪೇಟೆ ಬೆಳೆದಿದೆ, ಭತ್ತ ಬೆಳೆದಿದೆ. ಹೇಗೆ? ಉತ್ತರ ಕನ್ನಡದ ಒಂದು ಕ್ರಿಯಾಪದದಲ್ಲೇ ಇದೆ. ನಾವು "ಕೆರೆ ಕಟ್ಟಿಸಿದ" ಅಂತೀವಿ. ನದಿ ಕಟ್ಟಿಸಿದ ಅಂತ ಯಾರೂ ಅನ್ನಲ್ಲ. ಕೆರೆ ತಾನಾಗಿ ಆಗಿದ್ದಲ್ಲ, ಜನ ಕಟ್ಟಿದ್ದು. ಕಟ್ಟಿದ್ದು ಅಂದ ಮೇಲೆ ನೋಡಿಕೊಳ್ಳೋರೂ ಬೇಕು. ಈ ಸರಣಿ ಅದರ ಬಗ್ಗೆ.

2/8
ಮೊದಲು ಕೆರೆ ಓದೋದು ಕಲಿಯೋಣ. ಐದೇ ಪದ.

ಏರಿ: ಮಣ್ಣಿನ ಉದ್ದ ಕಟ್ಟೆ, ನೀರಿನ ಕಡೆಗೆ ಕಲ್ಲು ಹೊದಿಸಿರ್ತಾರೆ. ನೀವು ನಡೆದಾಡೋದು, ಸೆಲ್ಫಿ ತೆಗೆಯೋದು ಇದರ ಮೇಲೇ.
ಅಂಗಳ: ನೀರು ನಿಲ್ಲೋ ಜಾಗ.
ತೂಬು: ಏರಿಯೊಳಗಿಂದ ಗದ್ದೆಗೆ ನೀರು ಬಿಡೋ ಬಾಗಿಲು.
ಕೋಡಿ: ಏರಿಗಿಂತ ಸ್ವಲ್ಪ ತಗ್ಗಿನಲ್ಲಿರೋ ದಾರಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಇಲ್ಲಿಂದ ಹೊರಗೆ ಹೋಗುತ್ತೆ, ಏರಿ ಒಡೆಯಲ್ಲ.
ಅಚ್ಚುಕಟ್ಟು: ಏರಿಯ ಕೆಳಗೆ ಆ ನೀರು ಕುಡಿಯೋ ಹೊಲ-ಗದ್ದೆ.

ತುಂಬಿದ ಕೆರೆಯಲ್ಲಿ ಇದರಲ್ಲಿ ಅರ್ಧ ಮುಳುಗಿರುತ್ತೆ. ಬೇಸಿಗೆಯಲ್ಲಿ ಎಲ್ಲಾ ಹೊರಗೆ. ಒಂದು ಕಡೆ ಅಂಗಳದಲ್ಲಿ ಎರಡು ಕಲ್ಲು ಕಂಬ, ಮೇಲೆ ಅಡ್ಡ ಕಲ್ಲು ನೋಡಿ ನನ್ನ ಗೆಳೆಯ, "ಮಗಾ, ಇಲ್ಲಿ ಯಾರೋ ಗೋಲ್ ಪೋಸ್ಟ್ ಮಾಡಿದಾರೆ" ಅಂದ. ಅದು ತೂಬು. ಅಡ್ಡಗಲ್ಲಿನ ನಡುವೆ ತೂತು ಇರುತ್ತೆ. ಅದರಲ್ಲಿ ಉದ್ದನೆ ಗಳು ಇಳಿಸಿ ಕೆಳಗಿನ ರಂಧ್ರಕ್ಕೆ ಬಿರಟೆ ಹಾಕ್ತಿದ್ರು. ಗಳು ಎತ್ತಿದ್ರೆ ನೀರು, ಇಳಿಸಿದ್ರೆ ಬಂದ್. ಕರೆಂಟೂ ಬೇಡ, ಮೋಟಾರೂ ಬೇಡ.

ಇನ್ನೊಂದು ವಿಷಯ. ಒಂದು ಕೆರೆಯ ಕೋಡಿ ನೀರು ವ್ಯರ್ಥ ಆಗ್ತಿರಲಿಲ್ಲ. ಕಾಲುವೆಯಲ್ಲಿ ಇಳಿದು ಕೆಳಗಿನ ಊರಿನ ಕೆರೆಗೆ ಹೋಗ್ತಿತ್ತು, ಅದು ತುಂಬಿದ್ರೆ ಅದರ ಕೆಳಗಿನದಕ್ಕೆ. ಕೆರೆ ಒಂಟಿ ಅಲ್ಲ, ಸರಪಳಿ. ಮೇಲಿನ ಊರಿನಲ್ಲಿ ಯಾರೋ ಕಾಲುವೆ ಮುಚ್ಚಿದ್ರೆ ಬಾಯಾರೋದು ಕೆಳಗಿನ ಊರು.

3/8
ಶನಿವಾರ ಬೆಳಗ್ಗೆ, ಹೊಸಕೋಟೆ. (ಹೌದು, ಮೊದಲು ಬಿರಿಯಾನಿ. ಆಮೇಲೆ ಏರಿ.)

ಹೆಸರಲ್ಲೇ ಕಥೆ ಇದೆ: ಹೊಸ ಕೋಟೆ. ಸುಗಟೂರು ಪಾಳೆಯಗಾರ ತಮ್ಮೇಗೌಡ ಸುಮಾರು 1595ರಲ್ಲಿ ಈ ಊರು ಕಟ್ಟಿದ. ವಿಜಯನಗರದ ಅರಸರಿಂದ "ಚಿಕ್ಕರಾಯ" ಅನ್ನೋ ಬಿರುದು ಪಡೆದವನು. ಕೋಟೆ ಜೊತೆಗೇ ಕೆರೆಯನ್ನೂ ಕಟ್ಟಿಸಿದ. ಇದು ಅಲಂಕಾರಕ್ಕಲ್ಲ. ಕೋಟೆ ಶತ್ರುವನ್ನು ತಡೆಯುತ್ತೆ, ಆದ್ರೆ ಸೈನಿಕನಿಗೆ, ಕುದುರೆಗೆ, ರೈತನಿಗೆ ನೀರು ಬೇಕಲ್ಲ? ಗದ್ದೆ ಇಲ್ಲದೆ ಕಂದಾಯ ಎಲ್ಲಿಂದ ಬರ್ಬೇಕು? ಪಾಳೆಯಗಾರನ ಖಜಾನೆ ಅಂದ್ರೆ ಕೆರೆಯೇ.

ಹಳೇ ಗೆಜೆಟಿಯರ್ ಪ್ರಕಾರ ಈ ಕೆರೆಯ ಏರಿ ಸುಮಾರು 2 ಮೈಲಿ ಉದ್ದ, ತುಂಬಿದಾಗ ಸುತ್ತಳತೆ 10 ಮೈಲಿಗೆ ಕಮ್ಮಿ ಇಲ್ಲ. ಏರಿ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ, 2 ಮೈಲಿ ಮಣ್ಣು ಹೊತ್ತು ಹಾಕೋದು ಅಂದ್ರೇನು ಅಂತ ಕಾಲಿಗೆ ಅರ್ಥ ಆಗುತ್ತೆ.

ಆಮೇಲೆ ದೊರೆಗಳು ಬದಲಾಗ್ತಾ ಹೋದ್ರು. 1638ರಲ್ಲಿ ಬಿಜಾಪುರದವರು ಬಂದ್ರು. ಬೆಂಗಳೂರು, ಕೋಲಾರದ ಜೊತೆ ಹೊಸಕೋಟೆಯೂ ಶಿವಾಜಿಯ ತಂದೆ ಶಹಾಜಿಯ ಜಹಗೀರಿಗೆ ಸೇರ್ತು. 1761ರ ಹೊತ್ತಿಗೆ ಹೈದರಾಲಿ. 1768ರ ಆಗಸ್ಟ್‌ನಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷರ ಜೊತೆಗಾರ ಮುರಾರಿರಾವ್ ಘೋರ್ಪಡೆಯ ದಂಡಿನ ಮೇಲೆ ಹೈದರ್ ರಾತ್ರಿ ದಾಳಿ ಮಾಡಿದ. ನಮ್ಮ ಪಠ್ಯಪುಸ್ತಕ ಇದನ್ನೇ ಇತಿಹಾಸ ಅಂತ ಕರೆಯುತ್ತೆ. ಆದ್ರೆ ಇಷ್ಟೂ ದೊರೆಗಳ ಕಾಲದಲ್ಲಿ ಯಾರೋ ಒಬ್ಬ ದಿನಾ ಆ ತೂಬು ಎತ್ತಿ ಇಳಿಸ್ತಿದ್ದ. ಅವನು ಯಾರು?

4/8
ಅವನು ನೀರಗಂಟಿ. ಹಳ್ಳಿಯ ಆಯಗಾರರಲ್ಲಿ ಒಬ್ಬ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ದಿನ ತೂಬು ಎತ್ತಬೇಕು, ಎಲ್ಲಾ ಅವನ ಕೈಲಿ. ಸುಗ್ಗಿಯಲ್ಲಿ ರಾಶಿಯಿಂದ ಅವನ ಪಾಲು ಬರ್ತಿತ್ತು. ಅಂದ್ರೆ ಕೆರೆ ನೋಡಿಕೊಳ್ಳೋದು ಸಮಾಜಸೇವೆ ಆಗಿರಲಿಲ್ಲ, ಸಂಬಳ ಇರೋ ಕೆಲಸ ಆಗಿತ್ತು.

ನಮ್ಮ ಕಡೆಯ ಶಾಸನಗಳಲ್ಲೂ ಇದೇ ಲೆಕ್ಕ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಅಚ್ಚುಕಟ್ಟಿನಲ್ಲಿ ಜಮೀನು ಬಿಡ್ತಿದ್ರು. ದಶವಂದ, ಕಟ್ಟುಗೊಡಗೆ ಅನ್ನೋ ಪದಗಳು ಅದಕ್ಕೇ. ಹೂಳು ಎತ್ತೋ ಬಂಡಿಗೂ ದತ್ತಿ ಇರ್ತಿತ್ತು. ಯಾಕಂದ್ರೆ ಮಳೆ ನೀರು ಒಂದೇ ಬರಲ್ಲ, ಮಣ್ಣು ತಗೊಂಡೇ ಬರುತ್ತೆ. ಪ್ರತಿ ವರ್ಷ ಒಂದಿಷ್ಟು ಹೂಳು ಕೂರುತ್ತೆ, ತೆಗೀದಿದ್ರೆ ಕೆರೆ ತಟ್ಟೆ ಆಗುತ್ತೆ. ತೆಗೆಯೋ ಕಾಲ ಯಾವುದು? ಇದೇ ಬೇಸಿಗೆ. ನಮಗೆ ಆಫ್ ಸೀಸನ್, ಕೆರೆಗೆ ಸರ್ವಿಸ್ ಸೀಸನ್. ಆ ಹೂಳು ಹೊಲಕ್ಕೆ ಗೊಬ್ಬರ.

ದೊರೆಗಳೇ ಕಟ್ಟಿಸಬೇಕು ಅಂತಲೂ ಇರಲಿಲ್ಲ. ಕೆ.ಆರ್. ಪುರಂನಿಂದ ಹೊಸಕೋಟೆಗೆ ಬರೋವಾಗ ಹಳೇ ಮದ್ರಾಸ್ ರಸ್ತೆ ಪಕ್ಕ ಸಿಗೋದು ಎಲೆ ಮಲ್ಲಪ್ಪ ಶೆಟ್ಟಿ ಕೆರೆ. ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದ ದುಡ್ಡಲ್ಲಿ ಶೆಟ್ಟರು ಕಟ್ಟಿಸಿದ್ದು ಅಂತ ಜನ ಹೇಳ್ತಾರೆ. ಹೈವೇ ಮೇಲೆ ಮೂಗು ಮುಚ್ಚಿಕೊಂಡು ಅದನ್ನು ದಾಟೋವಾಗ ಒಂದ್ಸಲ ಯೋಚಿಸಿ: ಎಲೆ ಮಾರಿದವರು ಊರಿಗೆ ನೀರು ಬಿಟ್ಟು ಹೋದ್ರು. ನಾವು ಅದಕ್ಕೆ ಏನು ಬಿಡ್ತಿದೀವಿ?

5/8
ಶನಿವಾರ ಸಂಜೆ, ದೇವನಹಳ್ಳಿ.

ಇಲ್ಲಿಯ ಕಥೆ ಆವತಿಯಿಂದ ಶುರು. ಕಂಚಿ ಕಡೆಯಿಂದ ವಲಸೆ ಬಂದ ರಣಭೈರೇಗೌಡನ ಮನೆತನ ನಂದಿ ಬೆಟ್ಟದ ಹತ್ತಿರ ಆವತಿಯಲ್ಲಿ ನೆಲೆ ನಿಂತ್ರು. ಆವತಿ ನಾಡಪ್ರಭುಗಳು ಅಂದ್ರೆ ಇವರೇ. ಈ ಮನೆತನದ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಆಗ ಊರಿನ ಹೆಸರು ದೇವನದೊಡ್ಡಿ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕೂಡ ಇದೇ ಮನೆತನದ ಕೈಲಿ ಬೆಳೆದ ಊರುಗಳು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರ್ ಮೊದಲ ಸಲ ಹೆಸರು ಮಾಡಿದ. ಮರುವರ್ಷ ಟಿಪ್ಪು ಹುಟ್ಟಿದ್ದೂ ಇಲ್ಲೇ. ಈಗಿರೋ ಕಲ್ಲಿನ ಕೋಟೆ ಆಮೇಲಿನದು.

ಕೋಟೆ ನೋಡೋಕೆ ಎಲ್ಲರೂ ಬರ್ತಾರೆ. ನೀವು ಊರಿನ ಸಿಹಿನೀರು ಕೆರೆಯನ್ನೂ ನೋಡಿ. ಈ ಹೆಸರು ಸುಮ್ಮನೆ ಇಟ್ಟಿದ್ದಲ್ಲ. ಬಾವಿಯಲ್ಲಿ ಉಪ್ಪು ನೀರು ಸಿಗೋ ಸೀಮೆಯಲ್ಲಿ, ಕುಡಿಯೋಕೆ ಆಗೋ ನೀರು ಎಲ್ಲಿದೆ ಅಂತ ಹಿರಿಯರು ಹೆಸರಲ್ಲೇ ಬೋರ್ಡ್ ಹಾಕಿದಾರೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ ಅಂತ ಹೆಮ್ಮೆ ಪಡ್ತೀವಲ್ಲ, ಆ ರುಚಿಯೂ ಈ ಮಣ್ಣು-ನೀರಿನದೇ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ತೋಟಗಳು ಲೇಔಟ್ ಆದ್ವು. ಸಿಹಿನೀರು ಕೆರೆಗೆ ಏನಾಯ್ತು ಅನ್ನೋದಕ್ಕೆ 7ನೇ ಕ್ಯಾಪ್ಷನ್‌ನಲ್ಲಿ ವಾಪಸ್ ಬರ್ತೀನಿ. ಅದಕ್ಕೂ ಮುಂಚೆ ನೀರು ಯಾವ ಕಡೆ ಹೋಯ್ತು ಅಂತ ಗೊತ್ತಾಗ್ಬೇಕು.

6/8
ಭಾನುವಾರ, ದೊಡ್ಡಬಳ್ಳಾಪುರ. ಬೆಳಗ್ಗೆ ಮಗ್ಗದ ಸದ್ದು ಕೇಳಿಸೋ ಊರು.

ಮ್ಯಾಪ್‌ನಲ್ಲಿ ನಂದಿ ಬೆಟ್ಟ ಹುಡುಕಿ. ಅಲ್ಲಿ ಬಿದ್ದ ಮಳೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತೆ. ಒಂದು ಪಾಲು ದಕ್ಷಿಣ ಪಿನಾಕಿನಿಯಾಗಿ ಹೊಸಕೋಟೆ ಸೀಮೆ ಹಾದು ತಮಿಳುನಾಡಿಗೆ. ಇನ್ನೊಂದು ಪಾಲು ಅರ್ಕಾವತಿಯಾಗಿ ದೊಡ್ಡಬಳ್ಳಾಪುರದ ನಾಗರಕೆರೆ ಕಡೆಯಿಂದ ಕೆಳಗಿಳಿದು, ಕೊನೆಗೆ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ.

ಈ ಅರ್ಕಾವತಿ ಸರಪಳಿಯ ಮೇಲೆ ಬೆಂಗಳೂರಿನ ಕಣ್ಣು ಬಿತ್ತು. ಊರೊಳಗಿನ ಕೆರೆಗಳು ನಗರಕ್ಕೆ ಸಾಲದಾದಾಗ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ ಹೆಸರಘಟ್ಟದ ಜಲಾಶಯ ಆಯ್ತು. ಅಲ್ಲಿಂದ ಪೈಪಿನಲ್ಲಿ ನಗರಕ್ಕೆ ನೀರು. ಅದೂ ಸಾಲದೆ 1933ರಲ್ಲಿ ಇನ್ನೂ ಕೆಳಗೆ, ಅರ್ಕಾವತಿ-ಕುಮುದ್ವತಿ ಸೇರೋ ಜಾಗದಲ್ಲಿ, ತಿಪ್ಪಗೊಂಡನಹಳ್ಳಿ ಜಲಾಶಯ. ಆ ಕುಮುದ್ವತಿ ಹುಟ್ಟೋದು ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ. ನಮ್ಮ ಭಾನುವಾರದ ಕೊನೆ ನಿಲ್ದಾಣ ಅದೇ.

ಅರ್ಥ ಆಯ್ತಾ? ಎಂಟು ದಶಕ ಬೆಂಗಳೂರು ಕುಡಿದಿದ್ದು ದೊಡ್ಡಬಳ್ಳಾಪುರ, ನೆಲಮಂಗಲದ ಮಳೆ. ಆ ಹಳ್ಳಿಗಳ ಕೆರೆಯ ಕೋಡಿ ನೀರು. 1974ರಲ್ಲಿ ಕಾವೇರಿ ನೀರು ನಗರಕ್ಕೆ ಬಂತು. ಆವತ್ತಿಂದ ನಗರಕ್ಕೆ ಈ ಸರಪಳಿ ನಿಧಾನವಾಗಿ ಮರೆತು ಹೋಯ್ತು.

7/8
ಮರೆತ ಮೇಲೆ ಏನಾಯ್ತು? ಬೋರ್‌ವೆಲ್ ಬಂತು. ನೆಲದಡಿಯ ನೀರು ಮೇಲೆತ್ತೋಕೆ ನೀರಗಂಟಿಯ ಅಪ್ಪಣೆ ಬೇಡ, ಅಕ್ಕಪಕ್ಕದವರ ಸರದಿ ಕಾಯ್ಬೇಕಿಲ್ಲ. ಹೊಲಗಳಲ್ಲಿ ನೀಲಗಿರಿ ತೋಪು ಬಂತು. ಅಂತರ್ಜಲ ಇಳೀತು. ಹಳ್ಳಕ್ಕೆ ಮಳೆ ನೀರು ಬರೋದು ಕಮ್ಮಿ ಆಯ್ತು. ತೂಬಿಗೆ ಕೆಲಸ ಇಲ್ಲ, ನೀರಗಂಟಿಗೆ ಪಾಲು ಇಲ್ಲ. ಕಾಲುವೆ ಮೇಲೆ ರಸ್ತೆ, ಶೆಡ್ಡು, ಸೈಟು. ಯಾರೋ ಒಬ್ಬ ಖಳನಾಯಕ ಬಂದು ಕೆರೆ ಕೊಂದಿದ್ದಲ್ಲ. ನೋಡಿಕೊಳ್ಳೋ ಕೆಲಸ ಯಾರದ್ದೂ ಅಲ್ಲದ್ದು ಆಯ್ತು.

ಈಗ ಸಿಹಿನೀರು ಕೆರೆಗೆ ಬನ್ನಿ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ಕೇಳಿರ್ತೀರ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಕೆರೆಗಳಿಗೆ ಪಂಪ್ ಮಾಡ್ತಾರೆ. ಸಿಹಿನೀರು ಕೆರೆಗೂ ಆ ನೀರು ಬಂತು. ಕೆರೆ ಪಕ್ಕದ ಹಳೇ ತೆರೆದ ಬಾವಿಯಲ್ಲಿ ಮತ್ತೆ ನೀರು ಕಾಣಿಸ್ತು, ಅದನ್ನು ಇನ್ನೊಮ್ಮೆ ಶುದ್ಧ ಮಾಡಿ ಊರಿಗೆ ಕೊಡೋ ಏರ್ಪಾಡೂ ಆಯ್ತು. ಒಂದು ಕಾಲದಲ್ಲಿ ಈ ಸೀಮೆಯ ನೀರು ಕುಡಿದ ನಗರ, ಈಗ ತಾನು ಬಳಸಿದ ನೀರನ್ನು ಇದೇ ಸೀಮೆಗೆ ವಾಪಸ್ ಕಳಿಸ್ತಿದೆ.

ಇದು ಒಳ್ಳೇದಾ ಕೆಟ್ಟದ್ದಾ? ಬತ್ತಿದ ಬಾವಿಗೆ ಜೀವ ಬಂದವರು ಖುಷಿಯಾಗಿದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ಕೋಲಾರ, ಚಿಕ್ಕಬಳ್ಳಾಪುರದ ರೈತರು ಕೇಳ್ತಾನೇ ಇದಾರೆ. ನನಗನ್ನಿಸೋದು ಇಷ್ಟು: ಕೇಳೋರದ್ದು ನ್ಯಾಯ. ಒಳ್ಳೇ ನೀರು ತಗೊಂಡವರು ವಾಪಸ್ ಕೊಡೋವಾಗಲೂ ಒಳ್ಳೇದನ್ನೇ ಕೊಡಬೇಕು.

8/8
ಸರಪಳಿ ಸತ್ತೇ ಹೋಯ್ತಾ? ಇಲ್ಲ. 2022ರ ಮಳೆಗೆ ಹೆಸರಘಟ್ಟ ಎರಡು ದಶಕಕ್ಕೂ ಹೆಚ್ಚು ಕಾಲದ ನಂತರ ತುಂಬಿತು. ಜನ ಫೋನು ಹಿಡಿದು ಓಡಿದ್ರು. ಮಳೆ ಜೋರಾಗಿ ಬಂದಿದ್ದು ನಿಜ, ಆದ್ರೆ ಆ ನೀರು ಬಂದು ಸೇರೋಕೆ ದಾರಿಯೂ ಬೇಕಲ್ಲ? ಎಷ್ಟೋ ಕಾಲುವೆ ಇನ್ನೂ ಉಸಿರಾಡ್ತಿವೆ ಅಂತ ಅರ್ಥ. ಉಳಿದಿರೋ ದಾರಿ ಮುಚ್ಚದೆ ಇರೋದು ಹೊಸ ಕೆರೆ ಕಟ್ಟೋದಕ್ಕಿಂತ ಸುಲಭ.

ಅದಕ್ಕೇ ಬೇಸಿಗೆಯಲ್ಲಿ ಹೋಗಿ ಅಂತಿರೋದು. ಕೆರೆ ತುಂಬಿದಾಗ ಎಲ್ಲವೂ ಸರಿಯಾಗಿರೋ ಥರ ಕಾಣುತ್ತೆ. ನೀರು ಇಳಿದಾಗ ಏರಿಯ ಬಿರುಕು, ಮುರಿದ ತೂಬು, ಕಾಲುವೆ ಬಾಯಿಗೆ ಸುರಿದ ಕಟ್ಟಡದ ಕಸ, ಎಲ್ಲಾ ಬಯಲಾಗುತ್ತೆ.

ಹೋಗೋರಿಗೆ ನಾಲ್ಕು ಮಾತು. ಬೆಳಗ್ಗೆ ಆರಕ್ಕೇ ಹೊರಡಿ, ಹನ್ನೊಂದರ ಮೇಲೆ ಏರಿ ಮೇಲೆ ನಿಲ್ಲೋಕಾಗಲ್ಲ. ಟೋಪಿ, ನೀರು ಮರೀಬೇಡಿ. ಅಂಗಳ ಒಣಗಿದೆ ಅಂತ ನಡುವಿಗೆ ನುಗ್ಗಬೇಡಿ. ಮೇಲೆ ಗಟ್ಟಿ ಕಂಡ್ರೂ ಒಳಗೆ ಕೆಸರಿರುತ್ತೆ, ಮಣ್ಣು ತೆಗೆದ ಗುಂಡಿಗಳಿರುತ್ತೆ, ಜೀವಕ್ಕೇ ಅಪಾಯ. ಏರಿ ಮೇಲಿನ ಗಂಗಮ್ಮನ ಗುಡಿ ಹತ್ತಿರ ಕೂತಿರೋ ಅಜ್ಜ-ಅಜ್ಜಿಯರನ್ನು ಮಾತಾಡಿಸಿ. "ತಾತಾ, ಈ ಕೆರೆ ಕೊನೇ ಸಲ ಕೋಡಿ ಬಿದ್ದಿದ್ದು ಯಾವಾಗ?" ಅಂತ ಕೇಳಿ. ಆ ವರ್ಷ ಅವರಿಗೆ ನೆನಪಿರುತ್ತೆ. ಅದನ್ನು ಬರ್ಕೊಳ್ಳಿ, ಅದು ಯಾವ ಗೆಜೆಟಿಯರ್‌ನಲ್ಲೂ ಇಲ್ಲ.

ಈಗ ನಿಮ್ಮ ಸರದಿ. ನಿಮ್ಮೂರ ಕೆರೆಯ ಹೆಸರೇನು, ಅದರ ಕೋಡಿ ನೀರು ಯಾವ ಊರಿನ ಕೆರೆಗೆ ಹೋಗುತ್ತೆ? ಕಾಮೆಂಟ್‌ನಲ್ಲಿ ಬರೀರಿ. ಗೊತ್ತಿಲ್ಲ ಅಂದ್ರೆ ಈ ಭಾನುವಾರ ಮನೇಲಿ ಕೇಳಿ.

#ಕೆರೆಕಥೆ #ಬೆಂಗಳೂರುಗ್ರಾಮಾಂತರ #ಹೊಸಕೋಟೆ #ದೇವನಹಳ್ಳಿ #ದೊಡ್ಡಬಳ್ಳಾಪುರ #ನೆಲಮಂಗಲ