ತೊಟ್ಟಿಲೂ ದುಡಿಮೆಯೂ

ಹೆರಿಗೆಯ ತರುವಾಯ ತಾಯಿಯು ಮರಳಿ ದುಡಿಮೆಗೆ ಹೊರಡುವಾಗ ಕೂಸನ್ನು ಯಾರ ಕೈಯಲ್ಲಿರಿಸಬೇಕೆಂಬ ಪ್ರಶ್ನೆಯು ಪಟ್ಟಣದ ನೌಕರಿಯೊಡನೆ ಹುಟ್ಟಿದುದೆಂದು ಹಲವರು ಭಾವಿಸುವರು. ಮೈಸೂರು ಜಿಲ್ಲೆಯ ಪಡುವಣ ತಾಲ್ಲೂಕುಗಳ ಬಾಳನ್ನು ನೋಡಿದರೆ ಈ ಭಾವನೆಯು ನಿಲ್ಲಲಾರದು. ಕಾವೇರಿಯ ನೀರುಂಡ ಕೃಷ್ಣರಾಜನಗರದಲ್ಲಿ ಬತ್ತದ ನಾಟಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ರಾಗಿಯ ಕಳೆ, ಈಚಿನ ದಶಕಗಳಲ್ಲಿ ಹೊಗೆಸೊಪ್ಪಿನ ಬೇಸಾಯ. ಇವು ಹೆಂಗಸರ ಕೈಯಿಲ್ಲದೆ ಸಾಗವು. ಮಳೆಯು ಬಾಣಂತಿಗಾಗಿ ಕಾಯುವುದಿಲ್ಲ. ಆದುದರಿಂದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿದರು. ಮನೆಯಲ್ಲಿ ಅಜ್ಜಿಯಿದ್ದರೆ ಅಜ್ಜಿ, ಇಲ್ಲವಾದರೆ ಏಳೆಂಟು ವರುಷದ ಅಕ್ಕ ಕೂಸನ್ನು ಎತ್ತಿಕೊಂಡಳು. ತಾಯಿಗೆ ದೊರೆತ ಕೂಲಿಗೆ ಎಷ್ಟೋ ವೇಳೆ ಅಕ್ಕನ ಓದೇ ಬೆಲೆಯಾಯಿತು.

ಹುಣಸೂರು ಕಾರ್ಖಾನೆಗಳಿಗೆ ಹೊಸದಲ್ಲ. ಸೈನ್ಯಕ್ಕೆ ಚರ್ಮದ ಸಾಮಗ್ರಿಯನ್ನೂ ಕಂಬಳಿಯನ್ನೂ ಒದಗಿಸುತ್ತಿದ್ದ ಸರ್ಕಾರದ ಸ್ಥಾವರವು ೧೮೬೪ರಲ್ಲಿ ಮುಚ್ಚಿತು. ಕೊಡಗಿನ ಕಾಫಿಯನ್ನು ಹದಗೊಳಿಸುವ ಕಾರ್ಖಾನೆಯೂ ಅಲ್ಲಿತ್ತು. ಆದರೆ ದುಡಿಯುವ ತಾಯಿಯ ಕೂಸನ್ನು ಶಾಸನವು ಲೆಕ್ಕಕ್ಕೆ ತೆಗೆದುಕೊಂಡುದು ಬಹು ತಡವಾಗಿ. ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರುಷದೊಳಗಿನ ಮಕ್ಕಳಿಗೆ ಕೊಠಡಿಯಿರಬೇಕೆಂದು ೧೯೪೮ರ ಕಾರ್ಖಾನೆ ಶಾಸನವು ವಿಧಿಸಿತು. ೧೯೭೬ರಲ್ಲಿ ಈ ಸಂಖ್ಯೆಯು ಮೂವತ್ತಕ್ಕಿಳಿಯಿತು. ಕೊಡಗಿನ ತೋಟಗಳಿಗೂ ಅನ್ವಯಿಸಿದ ೧೯೫೧ರ ತೋಟಗಾರಿಕೆಯ ಕಾರ್ಮಿಕ ಶಾಸನವೂ ಶಿಶುಗೃಹವನ್ನು ಬಯಸಿತು. ೧೯೬೧ರ ಹೆರಿಗೆ ಸೌಲಭ್ಯದ ಶಾಸನವು ಕೂಸಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಲು ದಿನಕ್ಕೆರಡು ಬಿಡುವುಗಳನ್ನಿತ್ತಿತು. ೧೨ ವಾರಗಳ ರಜೆಯು ೨೦೧೭ರಲ್ಲಿ, ಮೊದಲೆರಡು ಮಕ್ಕಳ ಮಟ್ಟಿಗೆ, ೨೬ ವಾರಗಳಾಯಿತು.

ಈ ಶಾಸನಗಳೆಲ್ಲ ಯಜಮಾನನನ್ನು ಹಿಡಿದು ನಡೆದವು. ಇಂದೊಬ್ಬರ ಹೊಲ, ನಾಳೆ ಮತ್ತೊಬ್ಬರ ಗದ್ದೆ ಎಂದು ದುಡಿಯುವವಳಿಗೆ ಕೊಠಡಿ ಕಟ್ಟಿಸಬೇಕಾದವರು ಯಾರು? ಇದಕ್ಕೆ ಉತ್ತರವು ಊರಿನಲ್ಲಿಯೇ ಹುಟ್ಟಬೇಕಾಗಿತ್ತು. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲಿಗೆ ಇದೇ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಆರಂಭವಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಹುಣಸೂರು ಸೀಮೆಯ ಕಲ್ಲಹಳ್ಳಿಯ ದೇವರಾಜ ಅರಸರು. ಕ್ರಮೇಣ ಅಂಗನವಾಡಿಯು ಹಳ್ಳಿಹಳ್ಳಿಗೂ ಬಂದಿತು. ಆದರೆ ಅದರ ಪಾಠವೂ ಆಟವೂ ಮೂರು ವರುಷ ತುಂಬಿದವರಿಗೆ. ಅದಕ್ಕೂ ಚಿಕ್ಕವರಿಗೆ ದೊರೆತುದು ಮುಖ್ಯವಾಗಿ ಪೌಷ್ಟಿಕ ಆಹಾರ. ಮೊಲೆಯುಣ್ಣುವ ಕೂಸು ಮತ್ತೆ ಜೋಲಿಯಲ್ಲಿಯೇ ಉಳಿಯಿತು.

೨೦೦೫ರ ಉದ್ಯೋಗ ಖಾತರಿಯ ಶಾಸನವು ಕೆಲಸದ ಸ್ಥಳಕ್ಕೆ ಐದು ಮಂದಿ ಮಕ್ಕಳು ಬಂದರೆ ಒಬ್ಬ ಹೆಂಗಸನ್ನು ಕೂಲಿಯಿತ್ತು ಅವರ ಪಾಲನೆಗೆ ನೇಮಿಸಬೇಕೆಂದಿತು. ಕೂಸನ್ನಾಡಿಸುವುದೂ ಕೆಲಸವೆಂದು ಲೆಕ್ಕದ ಪುಸ್ತಕವು ಒಪ್ಪಿದುದೇ ಇದರ ಹಿರಿಮೆ. ೨೦೨೩-೨೪ರಲ್ಲಿ ಕರ್ನಾಟಕ ಸರ್ಕಾರವು ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲುದ್ಯುಕ್ತವಾಯಿತು.

ಹೆಸರು ಚೆಲುವಾಗಿದೆ; ಆದರೆ ಹೆಸರಿನಿಂದಲೇ ಕೂಸು ಅಳು ನಿಲ್ಲಿಸದು. ಹೊಸ ಮಡಿಲಿಗೆ ಒಗ್ಗಲು ಅದಕ್ಕೆ ಕೆಲವು ದಿನಗಳು ಬೇಕು. ನಡುವೆ ಬಂದು ಹಾಲೂಡುವಷ್ಟು ಸಮೀಪ ತಾಯಿಗೆ ಬೇಕು. ನಾಟಿಯ ಹೊತ್ತಿಗೆ ತೆರೆದ ಬಾಗಿಲು ಬೇಕು. ಈ ಮೂರೂ ಕೂಡಿದಲ್ಲಿ ತಾಯಿಯು ನಿಶ್ಚಿಂತೆಯಿಂದ ಗದ್ದೆಗೆ ಇಳಿಯುವಳು, ಅಕ್ಕನೂ ಶಾಲೆಗೆ ಹೋಗುವಳು.